ವಸಡಿನಲ್ಲಿ ರಕ್ತ: ಬ್ರಷ್ ಬಿಡುವುದು ಮದ್ದಲ್ಲ

ಬೆಳಗ್ಗೆ ಹಲ್ಲುಜ್ಜಿ ಉಗುಳಿದಾಗ ನೊರೆಯಲ್ಲಿ ಕೆಂಪು ಕಂಡರೆ ಅನೇಕರು ಮಾಡುವ ಮೊದಲ ಕೆಲಸವೆಂದರೆ ಆ ಭಾಗಕ್ಕೆ ಬ್ರಷ್ ತಾಗಿಸದಿರುವುದು. ಬ್ರಷ್ಷಿನ ಎಳೆ ಚುಚ್ಚಿ ಗಾಯವಾಗಿದೆ, ನಾಲ್ಕು ದಿನ ಬಿಟ್ಟರೆ ತಾನಾಗಿ ಮಾಯುತ್ತದೆ ಎಂಬುದು ಇದರ ಹಿಂದಿನ ತರ್ಕ. ಕೈಕಾಲಿನ ಗಾಯಕ್ಕೆ ಈ ತರ್ಕ ಸರಿ, ವಸಡಿಗೆ ಸಲ್ಲದು. ಆರೋಗ್ಯವಾಗಿರುವ ವಸಡಿನಿಂದ ಮೃದುವಾದ ಬ್ರಷ್ ತಾಗಿದ ಮಾತ್ರಕ್ಕೆ ರಕ್ತ ಒಸರುವುದಿಲ್ಲ. ಒಸರುತ್ತಿದೆ ಎಂದರೆ ಅಲ್ಲಿ ಮೊದಲೇ ಉರಿಯೂತವಿದೆ ಎಂದರ್ಥ. ಬಹುಪಾಲು ಸಂದರ್ಭಗಳಲ್ಲಿ ಅದಕ್ಕೆ ಕಾರಣ ಆ ಜಾಗ ಸ್ವಚ್ಛವಾಗದೆ ಉಳಿದಿರುವುದೇ.

ಇದನ್ನು ತೋರಿಸಿಕೊಟ್ಟ ಪ್ರಯೋಗವೊಂದಿದೆ. ಡೆನ್ಮಾರ್ಕಿನ ಆರ್ಹಸ್‌ನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ನಡೆಸಿ 1965ರಲ್ಲಿ ಪ್ರಕಟಿಸಿದ ಆ ಪ್ರಯೋಗದಲ್ಲಿ ಆರೋಗ್ಯವಂತ ವಸಡುಳ್ಳ 12 ಮಂದಿ ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಿದರು. ಅವರಲ್ಲಿ ಹೆಚ್ಚಿನವರು ದಂತವೈದ್ಯ ವಿದ್ಯಾರ್ಥಿಗಳೇ! ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಎಲ್ಲ 12 ಮಂದಿಯಲ್ಲೂ ವಸಡಿನ ಉರಿಯೂತ ಕಾಣಿಸಿಕೊಂಡಿತು. ಮತ್ತೆ ಹಲ್ಲುಜ್ಜಲು ತೊಡಗಿದ ಸುಮಾರು ಒಂದು ವಾರದಲ್ಲಿ ವಸಡು ಮೊದಲಿನ ಸ್ಥಿತಿಗೆ ಮರಳಿತು. ಇದಕ್ಕೆ ಮಾತ್ರೆಯನ್ನಾಗಲಿ ಮುಲಾಮನ್ನಾಗಲಿ ಬಳಸಿರಲಿಲ್ಲ.

ಹಲ್ಲು ಮತ್ತು ವಸಡು ಕೂಡುವ ಅಂಚಿನಲ್ಲಿ ಬ್ಯಾಕ್ಟೀರಿಯಾಗಳಿಂದ ಕೂಡಿದ ತೆಳುವಾದ, ಅಂಟಾದ ಪದರ ನಿತ್ಯವೂ ಕಟ್ಟಿಕೊಳ್ಳುತ್ತದೆ. ಇದೇ ದಂತಪಾಚಿ, ದಂತವೈದ್ಯರ ಮಾತಿನಲ್ಲಿ ಪ್ಲಾಕ್. ಇದನ್ನು ತೆಗೆಯದಿದ್ದರೆ ಎಂಜಲಿನಲ್ಲಿರುವ ಖನಿಜಾಂಶ ಸೇರಿ ಕೆಲವೇ ದಿನಗಳಲ್ಲಿ ಗಟ್ಟಿಯಾದ ಗಾರೆಯಾಗುತ್ತದೆ. ಪಾಚಿ ಬ್ರಷ್ಷಿಗೆ ಬಗ್ಗುತ್ತದೆ, ಗಾರೆ ಬಗ್ಗುವುದಿಲ್ಲ. ದೇಹ ಪಾಚಿಯನ್ನು ಎದುರಿಸಲು ಆ ಭಾಗಕ್ಕೆ ಹೆಚ್ಚು ರಕ್ತ ಹರಿಸುವುದರಿಂದ ವಸಡು ಕೆಂಪೇರಿ ಊದಿಕೊಳ್ಳುತ್ತದೆ, ಸ್ವಲ್ಪ ತಾಗಿದರೂ ರಕ್ತ ಬರುತ್ತದೆ.

ಈ ಹಂತದಲ್ಲಿ ಎಚ್ಚೆತ್ತರೆ ನಷ್ಟವೇನೂ ಇಲ್ಲ. ಕಡೆಗಣಿಸಿದರೆ ಕೆಲವರಲ್ಲಿ ಉರಿಯೂತ ಒಳಕ್ಕಿಳಿದು ಹಲ್ಲನ್ನು ಹಿಡಿದಿರುವ ಮೂಳೆಯನ್ನೇ ಕರಗಿಸುತ್ತದೆ. ಸವೆದ ಮೂಳೆ ತಾನಾಗಿ ಬೆಳೆಯುವುದಿಲ್ಲ. ಹಲ್ಲುನೋವಿನಂತೆ ಇದು ರಾತ್ರಿಯ ನಿದ್ದೆ ಕೆಡಿಸುವುದೂ ಇಲ್ಲ. ಹಲ್ಲು ಅಲುಗಾಡತೊಡಗಿದಾಗಲೇ ಹಲವರು ವೈದ್ಯರ ಬಾಗಿಲು ತಟ್ಟುತ್ತಾರೆ.

ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ ಎಂಬ ಭಯ ನಗರವಾಸಿ ವಿದ್ಯಾವಂತರಲ್ಲೂ ಇದೆ. ಈ ಭಯ ಹುಟ್ಟಲು ಕಾರಣವಿಲ್ಲದಿಲ್ಲ. ವರ್ಷಗಟ್ಟಲೆ ಹಲ್ಲುಗಳ ಸಂದಿಯಲ್ಲಿ ತುಂಬಿದ್ದ ಗಾರೆ ಹೋದಾಗ ಅಲ್ಲಿ ಖಾಲಿ ಜಾಗ ಕಾಣುತ್ತದೆ. ವಸಡಿನ ಊತ ಇಳಿದು ಬೇರಿನ ಭಾಗ ತೆರೆದುಕೊಂಡು ತಣ್ಣೀರು ಕೆಲವು ದಿನ ಜುಮ್ಮೆನ್ನಿಸುತ್ತದೆ. ಆದರೆ ಹಲ್ಲಿನ ಆಧಾರವನ್ನು ಕಿತ್ತದ್ದು ರೋಗ, ಸ್ಕೇಲಿಂಗ್ ಅಲ್ಲ.

ಮನೆಯಲ್ಲಿ ಮಾಡಬೇಕಾದದ್ದು ಸರಳ. ಮೃದು ಎಳೆಗಳ ಬ್ರಷ್ಷನ್ನು ವಸಡಿನ ಅಂಚಿಗೆ ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು, ಒತ್ತದೆ, ಸಣ್ಣ ಸಣ್ಣ ಚಲನೆಯಲ್ಲಿ ಉಜ್ಜಬೇಕು. ದಿನಕ್ಕೆ ಎರಡು ಬಾರಿ, ಪ್ರತಿ ಬಾರಿ ಎರಡು ನಿಮಿಷ; ಮಲಗುವ ಮುನ್ನ ಉಜ್ಜುವುದನ್ನು ತಪ್ಪಿಸಲೇಬಾರದು. ಹಲ್ಲುಗಳ ನಡುವಿನ ಸಂದಿಗೆ ದಾರದಂಥ ಫ್ಲಾಸ್ ಅಥವಾ ಸಂದಿಯ ಪುಟ್ಟ ಬ್ರಷ್ ಬೇಕು. ಮೊದಲ ಕೆಲವು ದಿನ ರಕ್ತ ಬರಬಹುದು, ಅಂಜಿ ನಿಲ್ಲಿಸಬಾರದು. ಇದ್ದಿಲು, ಇಟ್ಟಿಗೆ ಪುಡಿ, ಹರಳುಪ್ಪಿನಿಂದ ತಿಕ್ಕುವುದು ಹಲ್ಲನ್ನೂ ವಸಡನ್ನೂ ಸವೆಸುತ್ತದೆ. ಉಗುರು ಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಹಿತವೆನಿಸುತ್ತದೆ, ಪಾಚಿ ಮಾತ್ರ ಹೋಗದು. ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನು ದೀರ್ಘಕಾಲ ಬಳಸಿದರೆ ಹಲ್ಲಿಗೆ ಕಂದು ಕಲೆ ಕೂರುವುದರಿಂದ ವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಬೇಕು. ವಿಟಮಿನ್ ಸಿ ಮಾತ್ರೆ ನುಂಗಿ ಸುಮ್ಮನಾಗುವವರೂ ಇದ್ದಾರೆ. ಆ ಜೀವಸತ್ವದ ತೀವ್ರ ಕೊರತೆಯಾದ ಸ್ಕರ್ವಿಯಲ್ಲಿ ವಸಡಿನಿಂದ ರಕ್ತ ಬರುವುದು ನಿಜ. ಆದರೆ ಕೊರತೆ ಇಲ್ಲದವರ ಹಲ್ಲಿನ ಗಾರೆಯನ್ನು ಮಾತ್ರೆ ಕರಗಿಸದು.

ಇಷ್ಟು ಮಾಡಿಯೂ ಎರಡು ವಾರಗಳಲ್ಲಿ ರಕ್ತ ನಿಲ್ಲದಿದ್ದರೆ ದಂತವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆ ಇರುವವರು ಅಷ್ಟು ದಿನ ಕಾಯದಿರುವುದು ಲೇಸು. ಸಕ್ಕರೆ ಹತೋಟಿ ತಪ್ಪಿದರೆ ವಸಡು ಹಾಳಾಗುತ್ತದೆ, ವಸಡಿನ ಸೋಂಕು ಸಕ್ಕರೆಯ ಹತೋಟಿಗೆ ಅಡ್ಡಿಯಾಗುತ್ತದೆ. ಗರ್ಭಿಣಿಯರಲ್ಲಿ ಹಾರ್ಮೋನುಗಳ ಏರಿಕೆಯಿಂದ ವಸಡು ಬೇಗ ಊದಿಕೊಳ್ಳುತ್ತದೆ. ಹೆರಿಗೆಯಾಗಲಿ ಎಂದು ಚಿಕಿತ್ಸೆ ಮುಂದೂಡಬೇಕಿಲ್ಲ. ಆಸ್ಪಿರಿನ್, ವಾರ್ಫರಿನ್‌ನಂಥ ಔಷಧ ಸೇವಿಸುವವರಲ್ಲಿ ರಕ್ತ ಹೆಚ್ಚು ಬರಬಹುದು. ಹಾಗೆಂದು ಹೃದಯದ ವೈದ್ಯರನ್ನು ಕೇಳದೆ ಆ ಮಾತ್ರೆ ಬಿಡುವುದು ಅಪಾಯಕಾರಿ.

ಜ್ವರದೊಂದಿಗೆ ವಸಡಿನಿಂದ ರಕ್ತ ಬಂದರೆ ಅದು ಬೇರೆಯೇ ವಿಷಯ. ಡೆಂಗೆಯಲ್ಲಿ ಅದು ಅಪಾಯದ ಮುನ್ಸೂಚನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯಲ್ಲೂ ವಸಡಿನಿಂದ ರಕ್ತಸ್ರಾವವಾಗಬಹುದು. ಮೈಮೇಲೆ ನೀಲಿ ಕಲೆಗಳು, ಕಾರಣವಿಲ್ಲದ ಸುಸ್ತು ಜೊತೆಗೂಡಿದರೆ ರಕ್ತದ ಕಾಯಿಲೆಯ ಶಂಕೆಯಿಂದ ಪರೀಕ್ಷೆ ಅಗತ್ಯ. ಇಂಥ ಸಂದರ್ಭದಲ್ಲಿ ಬ್ರಷ್ ಬದಲಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಇನ್ನು ಬೀಡಿ, ಸಿಗರೇಟು ಸೇದುವವರ ಮಾತು. ತಂಬಾಕು ವಸಡಿನ ರಕ್ತಸ್ರಾವವನ್ನು ಅಡಗಿಸುವುದರಿಂದ ಒಳಗೆ ಮೂಳೆ ಸವೆಯುತ್ತಿದ್ದರೂ ಅವರ ಬ್ರಷ್ಷಿನಲ್ಲಿ ಕೆಂಪು ಕಾಣದೇ ಇರಬಹುದು. ಧೂಮಪಾನ ಬಿಟ್ಟ ಕೆಲವು ವಾರಗಳಲ್ಲಿ ಕೆಲವರಿಗೆ ಮೊದಲ ಸಲ ರಕ್ತ ಕಾಣಿಸುತ್ತದೆ. ಅದು ಸಿಗರೇಟು ಬಿಟ್ಟದ್ದರಿಂದ ಹುಟ್ಟಿದ ತೊಂದರೆಯಲ್ಲ, ಅಲ್ಲಿಯವರೆಗೆ ಮರೆಯಲ್ಲಿದ್ದ ಕಾಯಿಲೆ.