ಕಣ್ಣಿನ ಪೊರೆಯ ಶಸ್ತ್ರಕ್ರಿಯೆ: ವೈದ್ಯರ ಕೆಲಸ ಅರ್ಧ ಗಂಟೆ, ಮನೆಯವರ ಕೆಲಸ ಒಂದು ತಿಂಗಳು



ನಿಮ್ಮ ಮನೆಯಲ್ಲಿ ಅರವತ್ತು ದಾಟಿದ ಹಿರಿಯರು ಇದ್ದಾರೆಯೇ? ಅವರು ಈಚೆಗೆ ಸಂಜೆಯಾದ ಮೇಲೆ ಹೊರಗೆ ಹೊರಡುವುದನ್ನು ನಿಲ್ಲಿಸಿದ್ದಾರೆಯೇ? ಅಕ್ಕಿಯಲ್ಲಿನ ಕಲ್ಲು ಕಾಣದೆಂದು ಮೊರವನ್ನು ಸೊಸೆಯ ಕೈಗೆ ಕೊಟ್ಟಿದ್ದಾರೆಯೇ? ಎದುರಿಗೆ ಬಂದವರನ್ನು ಮುಖ ನೋಡಿ ಗುರುತಿಸದೆ ಧ್ವನಿಯಿಂದ ಗುರುತಿಸುತ್ತಾರೆಯೇ? ಹಾಗಿದ್ದರೆ "ವಯಸ್ಸಾಯಿತು, ಇನ್ನೇನು ಮಾಡುವುದು" ಎಂದು ಸುಮ್ಮನಾಗಬೇಡಿ. ಅದು ಕಣ್ಣಿನ ಪೊರೆ ಇರಬಹುದು. ಪೊರೆಯಿಂದ ಮಂಕಾದ ನೋಟವನ್ನು ಮರಳಿ ಪಡೆಯಲು ಸಾಧ್ಯವಿದೆ.

ಹೀಗಿದ್ದರೂ ಎಷ್ಟೋ ಮಂದಿ ಶಸ್ತ್ರಕ್ರಿಯೆ ಎಂದೊಡನೆ ಹಿಂಜರಿಯುತ್ತಾರೆ. ಅಲ್ಲಿ ಏನು ಮಾಡುತ್ತಾರೆ, ಆಮೇಲೆ ಏನಾಗುತ್ತದೆ ಎಂಬುದು ತಿಳಿಯದಿರುವುದೇ ಈ ಅಂಜಿಕೆಗೆ ಮುಖ್ಯ ಕಾರಣ. ಆದ್ದರಿಂದ ಆ ವಿಷಯವನ್ನು ಇಲ್ಲಿ ಮೊದಲಿನಿಂದ ಕೊನೆಯವರೆಗೆ ವಿವರಿಸಿದೆ.

ಪೊರೆ ಎಂದರೇನು?

ಪೊರೆ ಎಂಬ ಹೆಸರು ಕೇಳಿ, ಹಾಲಿನ ಮೇಲಿನ ಕೆನೆಯಂತೆ ಕಣ್ಣಿನ ಮೇಲೆ ಏನೋ ಬೆಳೆದಿದೆ ಎಂದು ಅನೇಕರು ತಿಳಿಯುತ್ತಾರೆ. ಅದು ಸರಿಯಲ್ಲ. ಕಣ್ಣಿನ ಪಾಪೆಯ ಹಿಂದೆ, ಕಣ್ಣಿನ ಒಳಗೆ, ಗಾಜಿನಂತೆ ತಿಳಿಯಾದ ಒಂದು ಮಸೂರವಿದೆ. ಬೆಳಕು ಅದರ ಮೂಲಕ ಹಾದು ಒಳಗಿನ ಪರದೆಯ ಮೇಲೆ ಬಿದ್ದಾಗ ನಮಗೆ ನೋಟ ಉಂಟಾಗುತ್ತದೆ. ವಯಸ್ಸಾದಂತೆ ಈ ಮಸೂರ ತನ್ನ ತಿಳಿತನವನ್ನು ಕಳೆದುಕೊಳ್ಳುತ್ತದೆ. ಹಸಿ ಮೊಟ್ಟೆಯ ಲೋಳೆ ಬೇಯಿಸಿದಾಗ ಬೆಳ್ಳಗಾಗುವುದನ್ನು ನೀವು ಕಂಡಿದ್ದೀರಿ. ಮಸೂರವೂ ನಿಧಾನವಾಗಿ ಹಾಗೆಯೇ ಮಬ್ಬಾಗುತ್ತದೆ. ಸಕ್ಕರೆ ಕಾಯಿಲೆ, ಕಣ್ಣಿಗೆ ಬಿದ್ದ ಪೆಟ್ಟು, ಬೀಡಿ ಸಿಗರೇಟಿನ ಚಟ, ವರ್ಷಗಟ್ಟಲೆ ಕಣ್ಣಿಗೆ ಬೀಳುವ ಸುಡುಬಿಸಿಲು, ಇವು ಪೊರೆಯನ್ನು ಬೇಗ ತರುತ್ತವೆ.

ಮಬ್ಬು ಒಳಗಿರುವುದರಿಂದ ಹೊರಗಿನಿಂದ ಹಾಕುವ ಯಾವ ಹನಿಯೂ ಅದನ್ನು ಕರಗಿಸಲಾರದು. ಜೇನುತುಪ್ಪ, ಎದೆಹಾಲು, ಸೊಪ್ಪಿನ ರಸ ಮುಂತಾದವುಗಳನ್ನು ಹಾಕಿದರೆ ಪೊರೆ ಹೋಗುವುದಿಲ್ಲ. ಕಣ್ಣಿಗೆ ಹುಣ್ಣಾಗಿ ಇರುವ ನೋಟವೂ ಹೋಗಬಹುದು. ಮಬ್ಬಾದ ಮಸೂರವನ್ನು ತೆಗೆದು, ಅದರ ಸ್ಥಳದಲ್ಲಿ ತಿಳಿಯಾದ ಕೃತಕ ಮಸೂರವನ್ನು ಇಡುವುದೊಂದೇ ದಾರಿ. ಜನರು "ಲೆನ್ಸ್ ಹಾಕಿಸುವುದು" ಎನ್ನುವುದು ಇದನ್ನೇ.

'ಹಣ್ಣಾಗಲಿ' ಎಂದು ಕಾಯಬೇಡಿ

"ಪೊರೆ ಇನ್ನೂ ಹಣ್ಣಾಗಿಲ್ಲ, ಹಣ್ಣಾದ ಮೇಲೆ ತೆಗೆಸೋಣ" ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಹಳೆಯ ಪದ್ಧತಿಯ ಶಸ್ತ್ರಕ್ರಿಯೆಯ ಕಾಲದಲ್ಲಿ ಈ ಮಾತಿಗೆ ಅರ್ಥವಿತ್ತು. ಇಂದು ಇಲ್ಲ. ನಿತ್ಯದ ಕೆಲಸಕ್ಕೆ ನೋಟ ಸಾಲದೆ ಹೋದಾಗಲೇ ತೆಗೆಸಿಕೊಳ್ಳಬಹುದು. ತೀರ ತಡ ಮಾಡಿದರೆ ಮಸೂರ ಗಟ್ಟಿಯಾಗಿ, ತೆಗೆಯುವ ಕೆಲಸ ಕಷ್ಟವಾಗುತ್ತದೆ. ಕೆಲವರಲ್ಲಿ ಅದು ಊದಿಕೊಂಡು ಅಥವಾ ಸೋರಿ, ಕಣ್ಣಿನೊಳಗಿನ ಒತ್ತಡ ಏರಿ, ಕಣ್ಣು ಕೆಂಪಾಗಿ ವಿಪರೀತ ನೋಯುತ್ತದೆ. ಆ ಒತ್ತಡದಿಂದ ಕಣ್ಣಿನ ನರ ಸತ್ತರೆ ಯಾವ ಶಸ್ತ್ರಕ್ರಿಯೆಯಿಂದಲೂ ನೋಟ ಮರಳುವುದಿಲ್ಲ. ಮಗಳ ಮದುವೆ ಆಗಲಿ, ಈ ಬೆಳೆ ಕೈಗೆ ಬರಲಿ ಎಂದು ಎರಡು ಮೂರು ವರ್ಷ ತಳ್ಳುತ್ತ ಹೋಗುವವರು ಇದನ್ನು ನೆನಪಿಡಬೇಕು.

ಇನ್ನೊಂದು ಮಾತು. ಮನೆಯ ಯಜಮಾನನ ಕಣ್ಣು ಮಂಜಾದರೆ ಬೇಗ ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಅಜ್ಜಿಯ ಸರದಿ ಮಾತ್ರ ಮುಂದಕ್ಕೆ ಹೋಗುತ್ತಲೇ ಇರುತ್ತದೆ. "ಅವಳು ಮನೆಯಲ್ಲೇ ತಾನೆ ಇರುವುದು" ಎನ್ನುತ್ತೇವೆ. ಒಲೆಯ ಬೆಂಕಿ, ಬಚ್ಚಲಿನ ಜಾರು, ಹಿತ್ತಲಿನ ಬಾವಿ ಇವೆಲ್ಲ ಇರುವುದು ಮನೆಯಲ್ಲೇ ಅಲ್ಲವೇ?

ಹಿಂದೆ ಹೇಗಿತ್ತು, ಈಗ ಹೇಗಿದೆ

ಹಿಂದೆ ಪೊರೆ ತೆಗೆದ ಮೇಲೆ ತಲೆಯ ಎರಡೂ ಬದಿಗೆ ಮರಳು ಚೀಲ ಇಟ್ಟು, ದಿನಗಟ್ಟಲೆ ಅಲುಗಾಡದಂತೆ ಮಲಗಿಸುತ್ತಿದ್ದರು. ಬಳಿಕ ಜೀವನಪೂರ್ತಿ ದಪ್ಪ ಗಾಜಿನ ಕನ್ನಡಕ ಹಾಕಿಕೊಳ್ಳಬೇಕಾಗಿತ್ತು. ಅದು ಒಡೆದರೆ ಮತ್ತೆ ಕುರುಡರಂತೆಯೇ. ನಮ್ಮ ಊರಿನ ಅಂಜಿಕೆಗಳಲ್ಲಿ ಬಹುಪಾಲು ಆ ಕಾಲದವು.

ಕೃತಕ ಮಸೂರ ಬಂದ ಕಥೆ ಸ್ವಾರಸ್ಯವಾಗಿದೆ. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಮುಚ್ಚಳ ಒಡೆದು, ಅದರ ಪ್ಲಾಸ್ಟಿಕ್ ಚೂರುಗಳು ಕೆಲವು ಚಾಲಕರ ಕಣ್ಣಿನೊಳಗೆ ಸೇರಿದ್ದವು. ಆ ಚೂರುಗಳಿಂದ ಕಣ್ಣು ಕೆರಳಲಿಲ್ಲವೆಂಬುದನ್ನು ಇಂಗ್ಲೆಂಡಿನ ವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದರು. ಅದೇ ಬಗೆಯ ವಸ್ತುವಿನಿಂದ ಮಸೂರ ಮಾಡಿಸಿ 1949ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯ ಕಣ್ಣಿನಲ್ಲಿ ಇಟ್ಟರು. ನಮ್ಮ ನಾಡಿನಲ್ಲಿ, ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ನೇತ್ರ ಶಿಬಿರ ನಡೆಸಿ ಅಸಂಖ್ಯಾತ ಬಡವರಿಗೆ ನೋಟ ಕೊಟ್ಟರು. ಇಂದು ಶಿಬಿರದಲ್ಲಿ ತಪಾಸಣೆ ಮಾತ್ರ ನಡೆಯುತ್ತದೆ. ಶಸ್ತ್ರಕ್ರಿಯೆ ಆಸ್ಪತ್ರೆಯ ಶುದ್ಧ ಕೊಠಡಿಯಲ್ಲಿ ಆಗುತ್ತದೆ. ಅದೇ ಕ್ಷೇಮ.

ಆಸ್ಪತ್ರೆಗೆ ಹೊರಡುವ ಮುನ್ನ

1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಮೇರೆಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಪೊರೆಯ ಶಸ್ತ್ರಕ್ರಿಯೆ ಉಚಿತ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ವಿಚಾರಿಸಿದರೆ ಎಲ್ಲಿಗೆ, ಯಾವ ದಿನ ಹೋಗಬೇಕೆಂದು ತಿಳಿಸುತ್ತಾರೆ. ಆಧಾರ್ ಮತ್ತು ಪಡಿತರ ಚೀಟಿಯನ್ನು ಜೊತೆಗೆ ಒಯ್ಯಿರಿ.

ಮೊದಲು ನೋಟ, ಕಣ್ಣಿನ ಒತ್ತಡ, ರಕ್ತದೊತ್ತಡ, ಸಕ್ಕರೆ ಇವುಗಳ ಪರೀಕ್ಷೆ ನಡೆಯುತ್ತದೆ. ನಿಮ್ಮ ಕಣ್ಣಿಗೆ ಎಷ್ಟು ಶಕ್ತಿಯ ಮಸೂರ ಬೇಕೆಂದು ಯಂತ್ರದಿಂದ ಅಳೆಯುತ್ತಾರೆ. ಇದು ಒಬ್ಬೊಬ್ಬರಿಗೆ ಒಂದೊಂದು ಬಗೆ. ಸಕ್ಕರೆ ಅಥವಾ ರಕ್ತದೊತ್ತಡ ಹೆಚ್ಚಾಗಿದ್ದರೆ, ಅದು ಹತೋಟಿಗೆ ಬಂದ ಮೇಲೆ ಬರಹೇಳುತ್ತಾರೆ. ವಾಪಸು ಕಳಿಸಿದರೆಂದು ಬೇಸರಪಡಬೇಡಿ. ಅದು ನಿಮ್ಮ ಒಳಿತಿಗೇ.

ನೀವು ದಿನವೂ ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ. ಮೂತ್ರ ಸರಾಗವಾಗಲೆಂದು ವಯಸ್ಸಾದ ಗಂಡಸರು ತೆಗೆದುಕೊಳ್ಳುವ ಕೆಲವು ಮಾತ್ರೆಗಳು ಪಾಪೆಯ ಸುತ್ತಲಿನ ಪರದೆಯನ್ನು ಸಡಿಲ ಮಾಡುತ್ತವೆ. ವೈದ್ಯರಿಗೆ ಇದು ಮೊದಲೇ ಗೊತ್ತಿರಬೇಕು. ರಕ್ತ ತೆಳುವಾಗುವ ಮಾತ್ರೆ, ಬಿ.ಪಿ. ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ಶಸ್ತ್ರಕ್ರಿಯೆಯ ದಿನ

ಆ ದಿನ ತಲೆಗೆ ಸ್ನಾನ ಮಾಡಿ, ಎಣ್ಣೆ ಹಚ್ಚದೆ, ಮುಖಕ್ಕೆ ವಿಭೂತಿ, ಕುಂಕುಮ, ಕಾಡಿಗೆ ಯಾವುದನ್ನೂ ಹಚ್ಚದೆ, ಒಗೆದ ಬಟ್ಟೆ ಉಟ್ಟು ಹೋಗಿರಿ. ಊಟದ ವಿಷಯದಲ್ಲಿ ಆಸ್ಪತ್ರೆಯವರು ಹೇಳಿದಂತೆ ನಡೆಯಿರಿ. ಮನೆಯವರೊಬ್ಬರು ಜೊತೆಯಲ್ಲಿರಲಿ.

ಪಾಪೆ ಅಗಲವಾಗಲೆಂದು ಹಲವು ಸಲ ಹನಿ ಹಾಕುತ್ತಾರೆ. ಕಣ್ಣು ಮರಗಟ್ಟಲು ಹನಿಯನ್ನೋ, ಕಣ್ಣಿನ ಪಕ್ಕದಲ್ಲಿ ಒಂದು ಚುಚ್ಚುಮದ್ದನ್ನೋ ಕೊಡುತ್ತಾರೆ. ಚುಚ್ಚಿದ ನೋವು ಕ್ಷಣಮಾತ್ರ. ನಿಮಗೆ ಎಚ್ಚರವಿರುತ್ತದೆ, ಮಾತು ಕೇಳಿಸುತ್ತದೆ, ಬೆಳಕು ಕಾಣುತ್ತದೆ, ಕಣ್ಣ ಮೇಲೆ ನೀರು ಹರಿದಂತಾಗುತ್ತದೆ, ಆದರೆ ನೋವಿರುವುದಿಲ್ಲ. ಕಣ್ಣುಗುಡ್ಡೆಯನ್ನು ಹೊರಗೆ ತೆಗೆದು ತೊಳೆದು ಮತ್ತೆ ಇಡುತ್ತಾರೆಂಬ ಮಾತು ಶುದ್ಧ ಸುಳ್ಳು. ಕಣ್ಣಿನ ಅಂಚಿನಲ್ಲಿ ಕೆಲವೇ ಮಿಲಿಮೀಟರಿನಷ್ಟು ಸಣ್ಣ ಸೀಳು ಮಾಡಿ, ಅದರ ಮೂಲಕ ಮಬ್ಬಾದ ಮಸೂರವನ್ನು ತೆಗೆದು ಹೊಸದನ್ನು ಕೂರಿಸುತ್ತಾರೆ. ಸಾಮಾನ್ಯವಾಗಿ ಹೊಲಿಗೆ ಬೇಕಾಗುವುದಿಲ್ಲ. ಕೈಕೆಲಸ ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ನಿಮ್ಮ ಪಾಲಿನ ಕೆಲಸ ಅಲುಗಾಡದೆ ಮಲಗುವುದು. ಕೆಮ್ಮು ಬಂದರೆ ತಡೆದುಕೊಂಡು ಒದ್ದಾಡದೆ ಮೊದಲು ಬಾಯಲ್ಲಿ ಹೇಳಿ. ವೈದ್ಯರು ಕೈ ಹಿಂತೆಗೆಯುತ್ತಾರೆ.

ಬಳಿಕ ಕಣ್ಣಿಗೆ ಪಟ್ಟಿ ಹಾಕುತ್ತಾರೆ. ಅದನ್ನು ಮನೆಯಲ್ಲಿ ಬಿಚ್ಚಿ ನೋಡಬೇಡಿ. ಮಾರನೆಯ ದಿನ ವೈದ್ಯರೇ ಬಿಚ್ಚಿ ಪರೀಕ್ಷಿಸುತ್ತಾರೆ. ಆಗ ಕೆಲವರಿಗೆ ಕೂಡಲೇ ಬಣ್ಣಗಳು, ವಿಶೇಷವಾಗಿ ನೀಲಿ, ಹೊಳೆಯುತ್ತ ಕಾಣುತ್ತವೆ. ಕೆಲವರಿಗೆ ನಾಲ್ಕಾರು ದಿನ ಮಸುಕಿರುತ್ತದೆ. ಕಣ್ಣಲ್ಲಿ ಮರಳು ಬಿದ್ದಂತೆ ಕರಕರ, ಸ್ವಲ್ಪ ನೀರು, ಸ್ವಲ್ಪ ಕೆಂಪು, ಬೆಳಕಿಗೆ ಚುಚ್ಚಿದಂತಾಗುವುದು, ಇವೆಲ್ಲ ಸಹಜ. ದಿನದಿಂದ ದಿನಕ್ಕೆ ಇವು ಕಡಿಮೆಯಾಗಬೇಕು.

ಮನೆಗೆ ಬಂದ ಮೇಲೆ

ಇಲ್ಲಿಂದ ಮುಂದಿನ ಜವಾಬ್ದಾರಿ ಮನೆಯವರದು. ನಾಟಿ ಮಾಡಿದ ಸಸಿ ಬೇರು ಹಿಡಿಯುವವರೆಗೆ ನಾವು ಹೇಗೆ ಕಾಯುತ್ತೇವೋ ಹಾಗೆ ಗಾಯ ಕೂಡುವವರೆಗೆ ಕಣ್ಣನ್ನು ಕಾಯಬೇಕು. ಗಾಯದ ಮೂಲಕ ಕ್ರಿಮಿ ಒಳಹೊಕ್ಕರೆ ಒಂದೆರಡು ದಿನಗಳಲ್ಲೇ ಕಣ್ಣು ಹಾಳಾಗಬಹುದು. ಇದು ಅಪರೂಪ, ಆದರೆ ಎಚ್ಚರ ತಪ್ಪಿದಲ್ಲಿ ಇದರ ಅಪಾಯ ಹೆಚ್ಚುತ್ತದೆ.

1. ಹನಿ ಹಾಕುವ ಕ್ರಮ: ಕೈಯನ್ನು ಸಾಬೂನಿನಿಂದ ತೊಳೆಯಿರಿ. ಹಿರಿಯರನ್ನು ಮಲಗಿಸಿ, ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ಒಂದು ಹನಿ ಹಾಕಿ. ಸೀಸೆಯ ತುದಿ ಕಣ್ಣಿಗಾಗಲಿ ಬೆರಳಿಗಾಗಲಿ ತಾಗಬಾರದು. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷ ಬಿಡಿ.

2. ಹನಿಗಳನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಾಕಬೇಕು. ವಾರ ಕಳೆದಂತೆ ವೈದ್ಯರು ಸಲ ಕಡಿಮೆ ಮಾಡುತ್ತಾರೆ. "ಚೆನ್ನಾಗಿ ಕಾಣುತ್ತಿದೆ" ಎಂದು ನಡುವೆ ನಿಲ್ಲಿಸಬೇಡಿ. ಚೀಟಿಯ ಅವಧಿ ಮುಗಿದ ಮೇಲೆ ಅಂಗಡಿಯಿಂದ ತಂದು ಮುಂದುವರಿಸಲೂ ಬೇಡಿ. ಉಳಿದ ಹನಿಯನ್ನು ಇನ್ನೊಬ್ಬರ ಕಣ್ಣಿಗೆ ಹಾಕಬೇಡಿ.

3. ಕಣ್ಣನ್ನು ಉಜ್ಜಬಾರದು. ಸೆರಗಿನಿಂದ, ಟವೆಲಿನಿಂದ ಒರೆಸಬಾರದು. ರಾತ್ರಿ ನಿದ್ದೆಯಲ್ಲಿ ಕೈ ತಾಗದಂತೆ ಆಸ್ಪತ್ರೆಯಲ್ಲಿ ಕೊಟ್ಟ ಮುಚ್ಚಳವನ್ನು ಕಟ್ಟಿ ಮಲಗಿಸಿ. ಹಗಲು ಕಪ್ಪು ಕನ್ನಡಕ ಇರಲಿ. ಶಸ್ತ್ರಕ್ರಿಯೆಯಾದ ಬದಿಗೆ ಮಲಗದಿರುವುದು ಲೇಸು.

4. ಕತ್ತಿನಿಂದ ಕೆಳಗೆ ಸ್ನಾನ ಮಾಡಿಸಿ. ಮುಖವನ್ನು ಒದ್ದೆ ಬಟ್ಟೆಯಿಂದ ಕಣ್ಣು ಬಿಟ್ಟು ಒರೆಸಿ. ತಲೆಗೆ ನೀರು ಹಾಕುವುದು ವೈದ್ಯರು ಒಪ್ಪಿದ ಮೇಲೆ. ಕೆರೆ, ಕಾಲುವೆ, ಬಾವಿಯಲ್ಲಿ ಮುಳುಗುವುದು ಒಂದು ತಿಂಗಳು ಬೇಡವೇ ಬೇಡ.

5. ಗೊಬ್ಬರದ ಗುಂಡಿ, ಕೊಟ್ಟಿಗೆ ಗುಡಿಸುವುದು, ಒಕ್ಕಣೆಯ ದೂಳು, ಸೌದೆ ಒಲೆಯ ಹೊಗೆ, ಔಷಧ ಸಿಂಪಡಿಸುವ ಜಾಗ, ಇವುಗಳಿಂದ ದೂರವಿರಿಸಿ.

6. ನೀರಿನ ಕೊಡ, ಹುಲ್ಲಿನ ಹೊರೆ, ಧಾನ್ಯದ ಮೂಟೆ ಎತ್ತಬಾರದು. ಬಗ್ಗಿ ಕಳೆ ಕೀಳಬಾರದು. ಮಲಬದ್ಧತೆಯಿಂದ ತಿಣುಕದಂತೆ ಸೊಪ್ಪು, ಹಣ್ಣು, ಸಾಕಷ್ಟು ನೀರು ಕೊಡಿ.

7. ಪಥ್ಯ ಬೇಡ. ಹುಳಿ, ಮೊಸರು, ಬದನೆಕಾಯಿ ತಿಂದರೆ ಕಣ್ಣು ಕೀವಾಗುತ್ತದೆಂಬುದು ನಿಜವಲ್ಲ. ಮುದ್ದೆ, ರೊಟ್ಟಿ, ಬೇಳೆ, ಹಾಲು, ಮೊಟ್ಟೆ ಎಲ್ಲವನ್ನೂ ತಿನ್ನಬಹುದು. ಸಕ್ಕರೆ ಕಾಯಿಲೆಯವರು ಮಾತ್ರ ತಮ್ಮ ಎಂದಿನ ಕ್ರಮವನ್ನು ಪಾಲಿಸಬೇಕು.

ಮನೆಯೊಳಗೆ ಓಡಾಡುವುದು, ಕುಳಿತು ಮಾತಾಡುವುದು, ದೂರದರ್ಶನ ನೋಡುವುದು ಇವಕ್ಕೆ ಅಡ್ಡಿಯಿಲ್ಲ.

ಈ ಲಕ್ಷಣ ಕಂಡರೆ ಆ ದಿನವೇ ಹೊರಡಿ

ನೋವು ಕಡಿಮೆಯಾಗುವ ಬದಲು ಹೆಚ್ಚುವುದು, ಚೆನ್ನಾಗಿ ಕಾಣುತ್ತಿದ್ದುದು ಮತ್ತೆ ಮಂಜಾಗುವುದು, ಕೆಂಪು ಏರುವುದು, ಕೀವು ಬರುವುದು, ರೆಪ್ಪೆ ಊದುವುದು, ತಲೆನೋವಿನೊಡನೆ ವಾಂತಿ, ಕಣ್ಣಲ್ಲಿ ಮಿಂಚು ಹೊಡೆದಂತೆ ಅಥವಾ ಪರದೆ ಇಳಿದಂತೆ ಆಗುವುದು, ಇವುಗಳಲ್ಲಿ ಒಂದು ಕಂಡರೂ ಸಂತೆಯ ದಿನ ಹೋದರಾಯಿತು ಎನ್ನಬೇಡಿ. ರಾತ್ರಿಯಾದರೂ ಸರಿ, ಶಸ್ತ್ರಕ್ರಿಯೆ ಮಾಡಿದ ಆಸ್ಪತ್ರೆಗೆ ಹೊರಡಿ. ಬೇಗ ಮದ್ದಾದರೆ ಕಣ್ಣು ಉಳಿಯುವ ಸಂಭವ ಹೆಚ್ಚು. ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ಮೊದಲೇ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.

ನೋಟ ಎಷ್ಟರಮಟ್ಟಿಗೆ ಬರುತ್ತದೆ?

ಕಣ್ಣಿನಲ್ಲಿ ಪೊರೆಯೊಂದೇ ದೋಷವಾಗಿದ್ದರೆ ಬಹುತೇಕರಿಗೆ ದೂರದ ನೋಟ ಚೆನ್ನಾಗಿ ಬರುತ್ತದೆ. ಓದಲು, ಸೂಜಿಗೆ ದಾರ ಪೋಣಿಸಲು ಸಾಮಾನ್ಯವಾಗಿ ಕನ್ನಡಕ ಬೇಕಾಗುತ್ತದೆ. ನಾಲ್ಕರಿಂದ ಆರು ವಾರದ ಮೇಲೆ ಪರೀಕ್ಷಿಸಿ ಕನ್ನಡಕದ ಚೀಟಿ ಕೊಡುತ್ತಾರೆ. ಆ ಭೇಟಿಯನ್ನು ತಪ್ಪಿಸಬೇಡಿ. ಭತ್ತದ ಗರಿ ತಾಗಿ ಕಣ್ಣಿನ ಮೇಲೆ ಹಳೆಯ ಕಲೆ ಇದ್ದರೆ, ಸಕ್ಕರೆ ಕಾಯಿಲೆಯಿಂದ ಒಳಪರದೆ ಕೆಟ್ಟಿದ್ದರೆ, ನರ ಸೊರಗಿದ್ದರೆ ನೋಟ ಅಷ್ಟು ಬರಲಾರದು. ಇದನ್ನು ವೈದ್ಯರಿಂದ ಮೊದಲೇ ಕೇಳಿ ತಿಳಿಯಿರಿ.

ತೆಗೆದ ಪೊರೆ ಮತ್ತೆ ಬೆಳೆಯುವುದಿಲ್ಲ. ಕೆಲವರಿಗೆ ತಿಂಗಳುಗಳು ಅಥವಾ ವರ್ಷಗಳು ಕಳೆದ ಮೇಲೆ ಹೊಸ ಮಸೂರದ ಹಿಂದಿನ ತೆಳುಪದರ ಮಬ್ಬಾಗುತ್ತದೆ. ಲೇಸರ್ ಬೆಳಕಿನಿಂದ ಕೆಲವೇ ನಿಮಿಷಗಳಲ್ಲಿ ಅದನ್ನು ಸರಿಪಡಿಸುತ್ತಾರೆ, ಮತ್ತೆ ಸೀಳುವುದಿಲ್ಲ.

ಯಾವ ತಿಂಗಳು ಒಳ್ಳೆಯದು?

ಚಳಿಗಾಲದಲ್ಲೇ ಆಗಬೇಕು, ಬೇಸಿಗೆಯಲ್ಲಿ ಆಗದು ಎಂಬ ನಿಯಮವಿಲ್ಲ. ಕಣ್ಣಿಗೆ ಎಲ್ಲ ಕಾಲವೂ ಒಂದೇ. ಆದರೆ ಒಕ್ಕಲುತನದ ಮನೆಗೆ ಎಲ್ಲ ಕಾಲವೂ ಒಂದೇ ಅಲ್ಲ. ಕುಯ್ಲು, ಒಕ್ಕಣೆ, ನಾಟಿಯ ನಡುವೆ ಮಾಡಿಸಿದರೆ ಹಿರಿಯರು ಸುಮ್ಮನೆ ಕೂರಲಾರರು, ದಿನಕ್ಕೆ ನಾಲ್ಕಾರು ಸಲ ಹನಿ ಹಾಕಲು ಮನೆಯಲ್ಲಿ ಯಾರೂ ಇರಲಾರರು. ಬಿತ್ತನೆಗೆ ಹದ ನೋಡುವಂತೆ, ಮನೆಯಲ್ಲಿ ಒಬ್ಬರ ಕೈ ಒಂದು ತಿಂಗಳು ಬಿಡುವಾಗಿರುವ ಕಾಲವನ್ನು ನೋಡಿಕೊಳ್ಳಿ. ಈ ಹೊಂದಾಣಿಕೆ ತಿಂಗಳ ಲೆಕ್ಕದಲ್ಲಿರಲಿ, ವರ್ಷದ ಲೆಕ್ಕಕ್ಕೆ ಹೋಗದಿರಲಿ. ಕಣ್ಣು ಕೆಂಪಾಗಿ ನೋಯುತ್ತಿದ್ದರೆ ಮಾತ್ರ ಹಂಗಾಮು ನೋಡದೆ ಇಂದೇ ಹೊರಡಿ.

ಈ ವಾರ ಒಂದು ಕೆಲಸ ಮಾಡಿ. ಮನೆಯ ಹಿರಿಯರನ್ನು ಬಾಗಿಲಲ್ಲಿ ಕೂರಿಸಿ, ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ಹತ್ತು ಮಾರು ದೂರದಲ್ಲಿ ನಿಂತು ಬೆರಳು ಎಣಿಸಲು ಹೇಳಿ. ಎಣಿಸಲಾರದಿದ್ದರೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಬೆರಳು ಎಣಿಸಿದರೂ ಮಂಜೆಂದು ಹೇಳುವವರನ್ನೂ ಒಮ್ಮೆ ತೋರಿಸಿ. ಅಜ್ಜಿಯನ್ನು ಬಿಡದೆ ಪರೀಕ್ಷಿಸಿ.