ಚರಂಡಿಯ ಸಾವೂ ಪೌರರ ಕರ್ತವ್ಯವೂ

ಒಳಚರಂಡಿಗೋ ಮಲಗುಂಡಿಗೋ ಇಳಿದ ಕೂಲಿಯವನು ಉಸಿರುಕಟ್ಟಿ ಸತ್ತನೆಂಬ ವರ್ತಮಾನವನ್ನು ಓದುತ್ತೇವೆ, ‘ಅಯ್ಯೋ ಪಾಪ’ ಎನ್ನುತ್ತೇವೆ, ಪುಟ ಮಗುಚುತ್ತೇವೆ. ಬಿದ್ದವನನ್ನು ಎತ್ತಲೆಂದು ಇಳಿದ ಜೊತೆಗಾರನೂ ಅಲ್ಲಿಯೇ ಪ್ರಾಣ ಬಿಡುವುದುಂಟು. ಅಲ್ಲಿ ದಟ್ಟವಾಗಿ ತುಂಬಿದ ಹೈಡ್ರೊಜನ್ ಸಲ್ಫೈಡ್ ಎಂಬ ವಿಷವಾಯುವು ಮೊದಲು ಮೂಗಿನ ಅರಿವನ್ನು ಕೊಂದು, ಬಳಿಕ ಮನುಷ್ಯನನ್ನು ಕೊಲ್ಲುತ್ತದೆ. ಇದನ್ನು ವಿಧಿಲಿಖಿತವೆಂದು ತಳ್ಳಿಬಿಡುವಂತಿಲ್ಲ. ರಕ್ಷಣೆಯ ಸಾಧನಗಳಿಲ್ಲದೆ ಮನುಷ್ಯನನ್ನು ಚರಂಡಿಗಿಳಿಸುವುದು 2013ರ ಕಾಯಿದೆಯ ಪ್ರಕಾರ ಅಪರಾಧವಾಗಿದೆ.

ಸತ್ತವನ ಹೆಸರು ಹಾಜರಿ ಪುಸ್ತಕದಲ್ಲಿರುವುದು ಅಪರೂಪ. ‘ಅವನು ನನ್ನ ಆಳಲ್ಲ’ ಎನ್ನುತ್ತಾನೆ ಗುತ್ತಿಗೆದಾರ. ‘ಗುತ್ತಿಗೆದಾರನನ್ನು ಕೇಳಿ’ ಎನ್ನುತ್ತಾನೆ ಮನೆಯೊಡೆಯ. ‘ಕಾಗದ ತನ್ನಿ’ ಎನ್ನುತ್ತದೆ ಕಚೇರಿ. ಶವ ಮನೆಯಲ್ಲಿರುವಾಗಲೇ ಅಷ್ಟಿಷ್ಟು ಹಣವನ್ನು ಕೈಗಿತ್ತು, ಹೆಂಡತಿಯ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರೂ ಇದ್ದಾರೆ. ಅಳುವುದಕ್ಕೂ ಬಿಡುವಿಲ್ಲದ ದುಃಖ ಇದು.

ಈ ಕುಟುಂಬಗಳಿಗೆ ಕಾನೂನಿನ ಆಸರೆಯಿಲ್ಲವೆಂದಲ್ಲ. 1993ರಿಂದೀಚೆಗೆ ಹೀಗೆ ಮಡಿದ ಎಲ್ಲರ ಕುಟುಂಬಗಳನ್ನು ಗುರುತಿಸಿ, ಪ್ರತಿಯೊಂದು ಸಾವಿಗೂ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರ ಮಾರ್ಚ್ 27ರಂದು ಆಜ್ಞಾಪಿಸಿತು. 2023ರ ಅಕ್ಟೋಬರ್ 20ರಂದು ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ‘ಗುರುತಿಸಿ’ ಎಂಬ ಮಾತನ್ನು ಅಧಿಕಾರಿವರ್ಗದವರು ವಿಶೇಷವಾಗಿ ಲಕ್ಷಿಸಬೇಕು. ವಿಧವೆಯು ಅರ್ಜಿ ಹಿಡಿದು ಬಾಗಿಲಿಗೆ ಬರಲೆಂದು ಕಾಯುವುದು ಆ ಆಜ್ಞೆಯ ಆಶಯವಲ್ಲ.

2014ರ ಈ ತೀರ್ಪು ತಾನಾಗಿ ಬಂದುದಲ್ಲ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಮಲ ಹೊರುವ ಕೆಲಸಕ್ಕೆ ಕಟ್ಟುಬಿದ್ದ ಮನೆತನದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ನರೂ ಅವರ ಸಂಗಡಿಗರೂ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನವು 2003ರಲ್ಲಿ ಹೂಡಿದ ದಾವೆಯ ಫಲವದು. ಅದೇ ಸಂಘಟನೆಯವರು 2015ರ ಡಿಸೆಂಬರಿನಿಂದ 2016ರ ಏಪ್ರಿಲಿನವರೆಗೆ 125 ದಿನ ದೇಶವನ್ನು ಸುತ್ತಿ, ‘ನಮ್ಮನ್ನು ಕೊಲ್ಲುವುದನ್ನು ನಿಲ್ಲಿಸಿ’ ಎಂದು ಸಾರಿದರು. ನೊಂದವರೇ ಇಷ್ಟನ್ನು ಸಾಧಿಸಿರುವಾಗ, ಓದುಬರಹ ಬಲ್ಲ ಪೌರರು ಕೈಕಟ್ಟಿ ಕುಳಿತಿರುವುದು ನ್ಯಾಯವೇ?

ಪೌರರಿಂದ ಆಗಬೇಕಾದ ಸೇವೆ ದೊಡ್ಡದೇನಲ್ಲ. ಪ್ರತಿಯೊಂದು ಪಟ್ಟಣದಲ್ಲಿಯೂ ಒಬ್ಬ ವಕೀಲರು, ಒಬ್ಬ ಉಪಾಧ್ಯಾಯರು, ಒಬ್ಬ ನಿವೃತ್ತ ನೌಕರರು, ಇಬ್ಬರು ಸ್ತ್ರೀಯರು ಕೂಡಿದರೆ ಸಾಕು. ಸುದ್ದಿ ತಿಳಿದ ದಿನವೇ ಆ ಮನೆಗೆ ಹೋಗಬೇಕು. ಓದಿ ಹೇಳದ ಯಾವ ಕಾಗದಕ್ಕೂ ರುಜು ಬೀಳದಂತೆ ನೋಡಿಕೊಳ್ಳಬೇಕು. ಪೊಲೀಸ್ ಠಾಣೆಯ ಪ್ರಥಮ ವರ್ತಮಾನ ವರದಿಯಲ್ಲಿ ಕೆಲಸ ಮಾಡಿಸಿದವನ ಹೆಸರು ನಮೂದಾಗಿದೆಯೇ ಎಂದು ವಿಚಾರಿಸಬೇಕು. ಜೊತೆಯ ಕೂಲಿಗಳ ಹೇಳಿಕೆಗಳು, ಶವಪರೀಕ್ಷೆಯ ವರದಿ, ಮರಣಪತ್ರಗಳನ್ನು ದೊರಕಿಸಿಕೊಡಬೇಕು. ಕಚೇರಿಗೆ ಸಂಗಡ ಹೋಗಬೇಕು. ಮಕ್ಕಳು ಶಾಲೆ ಬಿಟ್ಟು ತಂದೆಯ ಕಸುಬಿಗೆ ಇಳಿಯದಂತೆ ವರ್ಷಗಟ್ಟಲೆ ಕಾಯಬೇಕು.

ಆದರೆ ಈ ಸೇವೆಗೆ ಒಂದು ನಿಯಮವುಂಟು. ಭಾವಚಿತ್ರ ತೆಗೆಸಿಕೊಳ್ಳುವ, ಕಣ್ಣೀರನ್ನು ಪ್ರದರ್ಶನಕ್ಕಿಡುವ ಉಪಕಾರ ಆ ಮನೆಗೆ ಬೇಡ. ದಾವೆ ಹೂಡುವುದೋ ಬಿಡುವುದೋ ಎಂಬುದನ್ನು ಆ ಮನೆಯವರೇ ನಿರ್ಧರಿಸತಕ್ಕದ್ದು. ನಾವು ಕೇವಲ ಜೊತೆಯವರು. ಅವರು ಮಾತನಾಡಲು ಬಯಸದ ದಿನ ಸುಮ್ಮನೆ ಕುಳಿತು ಬರುವುದೂ ಸೇವೆಯೇ.

ಹನ್ನೊಂದನೆಯ ದಿನದವರೆಗೆ ಬಂಧುಗಳು ಬರುತ್ತಾರೆ. ಹನ್ನೆರಡನೆಯ ದಿನದಿಂದ ಯಾರು ಬರುತ್ತಾರೆಂಬುದೇ ಪ್ರಶ್ನೆ. ಯಾವ ಚರಂಡಿಯಲ್ಲಿ ಆತ ಮಡಿದನೋ ಅದು ನಮ್ಮ ಮನೆಗಳಿಂದಲೇ ಹರಿದುಹೋದುದು. ಆದುದರಿಂದ ಉತ್ತರ ಕೊಡಬೇಕಾದವರು ಪಟ್ಟಣದ ಮಹಾಜನರೇ.