ಶ್ವೇತಭವನದ ಮೊಟ್ಟೆ, ಚನ್ನಪಟ್ಟಣದ ಲೇತು

ಅಮೆರಿಕದ ಅಧ್ಯಕ್ಷರ ಮನೆಯಂಗಳದಲ್ಲಿ ಪ್ರತಿವರ್ಷ ಈಸ್ಟರ್ ಮರುದಿನದ ಸೋಮವಾರ ಮಕ್ಕಳ ಜಾತ್ರೆ. ಉದ್ದ ಹಿಡಿಯ ಚಮಚದಲ್ಲಿ ಬಣ್ಣ ಬಳಿದ ಮೊಟ್ಟೆಯನ್ನು ಹುಲ್ಲಿನ ಮೇಲೆ ಉರುಳಿಸಿಕೊಂಡು ಓಡಬೇಕು. ಮೊದಲು ಈ ಆಟ ನಡೆಯುತ್ತಿದ್ದದ್ದು ಸಂಸತ್ ಭವನದ ಇಳಿಜಾರಿನಲ್ಲಿ. ಹುಲ್ಲು ಹಾಳಾಗುತ್ತದೆಂದು 1876ರಲ್ಲಿ ಸಂಸತ್ತು ಕಾನೂನನ್ನೇ ಮಾಡಿ ಮಕ್ಕಳನ್ನು ಓಡಿಸಿತು. 1878ರಲ್ಲಿ ಅಧ್ಯಕ್ಷ ರುದರ್‌ಫೋರ್ಡ್ ಹೇಯ್ಸ್ ತಮ್ಮ ಗೇಟು ತೆಗೆಸಿ ಒಳಗೆ ಬಿಟ್ಟುಕೊಂಡರು. ಹೇಯ್ಸ್ ಆಡಳಿತದ ಬೇರಾವ ಕೆಲಸ ಎಷ್ಟು ಜನಕ್ಕೆ ನೆನಪಿದೆಯೋ, ಮೊಟ್ಟೆ ಮಾತ್ರ ಉಳಿದುಕೊಂಡಿದೆ.

1981ರಲ್ಲಿ, ರೇಗನ್ ಕಾಲದಲ್ಲಿ, ಬಂದ ಮಕ್ಕಳಿಗೆ ನೆನಪಿಗೆಂದು ಮರದ ಮೊಟ್ಟೆ ಕೊಡುವ ರೂಢಿ ಬಂತು. ಲೇತಿನಲ್ಲಿ ಕಡೆದು, ನುಣುಪು ಮಾಡಿ, ಬಣ್ಣ ಹಾಕಿದ್ದು. ಅಂಥ ಮೊಟ್ಟೆ ಮಾಡಿಕೊಡುತ್ತಿದ್ದದ್ದು ಮೇಯ್ನ್ ರಾಜ್ಯದ ಬಕ್‌ಫೀಲ್ಡ್ ಎಂಬ ಸಣ್ಣ ಊರಿನ ವೆಲ್ಸ್ ವುಡ್ ಟರ್ನಿಂಗ್ ಕಂಪನಿ. 2017ರ ಫೆಬ್ರುವರಿಯಲ್ಲಿ, ಟ್ರಂಪ್ ಹೊಸದಾಗಿ ಕುರ್ಚಿ ಏರಿದ್ದಾಗ, ಈ ಮರಗೆಲಸದವರು ಟ್ವಿಟರ್‌ನಲ್ಲಿ ಅಧ್ಯಕ್ಷರನ್ನೇ ಕೂಗಿ ಎಚ್ಚರಿಸಿದರು: ಮೊಟ್ಟೆ ಮಾಡುವ ಗಡುವು ಹತ್ತಿರ ಬಂತು, ದಯವಿಟ್ಟು ಸಂಪರ್ಕಿಸಿ ಅಂತ. ಜಗತ್ತಿನ ದೊಡ್ಡ ಗಿರಾಕಿಗೂ ಅಂಗಡಿಯವನು ‘ಸ್ವಾಮಿ, ಆರ್ಡರ್ ಯಾವಾಗ ಕೊಡ್ತೀರಿ’ ಎಂದು ಜ್ಞಾಪಿಸಬೇಕಾಯಿತು.

ಲೇತಿನಲ್ಲೇ ಮರದ ಗೊಂಬೆ ಕಡೆಯುವ ಚನ್ನಪಟ್ಟಣಕ್ಕೆ ನನ್ನನ್ನು ಹೊರಡಿಸಿದ್ದು ಈ ಸುದ್ದಿಯೇ. ಮದ್ದೂರು ಕಡೆಯಿಂದ ಬೆಂಗಳೂರಿನತ್ತ ಹೊರಟರೆ ಮಂಡ್ಯ ಜಿಲ್ಲೆಯ ಅಂಚಿನ ನಿಡಘಟ್ಟ ದಾಟುತ್ತಲೇ ಚನ್ನಪಟ್ಟಣದ ಸೀಮೆ. ಅಲ್ಲಿನ ಕಲಾನಗರದ ಒಂದು ಮನೆಯ ಮುಂದಿನ ಶೆಡ್ಡಿನಲ್ಲಿ ಲೇತು ಗಿರ್ರೆನ್ನುತ್ತಿತ್ತು. ಕೂತಿದ್ದ ಹಿರಿಯರಿಗೆ ಅಧ್ಯಕ್ಷರ ಮೊಟ್ಟೆಯ ಕಥೆ ಹೇಳಿದೆ. ಅವರು ತಲೆ ಎತ್ತಲಿಲ್ಲ. ‘ಎಷ್ಟು ಬೇಕಂತೆ? ಒಳಗೆ ಟೊಳ್ಳೋ, ಗಟ್ಟಿನೋ?’ ಎಂದರು.

ಇಲ್ಲಿನ ಕೆಲಸದಲ್ಲಿ ಕಣ್ಣು ಕೀಳಲಾಗದ ಗಳಿಗೆ ಬಣ್ಣ ಹಾಕುವುದು. ಕುಂಚವಿಲ್ಲ, ಡಬ್ಬಿಯಿಲ್ಲ. ಅರಗಿಗೆ ಬಣ್ಣ ಕಲಸಿ ಮಾಡಿದ ಕಡ್ಡಿಯನ್ನು ಗರಗರ ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಶಾಖಕ್ಕೆ ಅರಗು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ. ಕೈ ಸ್ವಲ್ಪ ಗಟ್ಟಿಯಾದರೆ ಗಂಟು, ಸಡಿಲವಾದರೆ ಮಸಕು. ಆಮೇಲೆ ತಾಳೆಗರಿಯ ತುಂಡು ಮಡಚಿ ಅದೇ ಜಾಗಕ್ಕೆ ಒತ್ತಿದರೆ, ಅಲ್ಲಿಯವರೆಗೆ ಮಂಕಾಗಿದ್ದ ಹಳದಿ ಒಮ್ಮೆಗೇ ಹೊಳೆಯುತ್ತದೆ. ಹಳದಿಗೆ ಅರಿಶಿನ, ನೀಲಿಗೆ ನೀಲಿಗಿಡ. ಮಗು ಬಾಯಿಗಿಟ್ಟುಕೊಂಡರೂ ಭಯವಿಲ್ಲ ಎನ್ನುವುದು ಇಂಥ ಬಣ್ಣದ ಗೊಂಬೆಗಿರುವ ಮುಖ್ಯ ಹೆಮ್ಮೆ. ಮರ ಹಾಲೆಮರ, ಬಿಳಿ, ಹಗುರ. ಕಡಿದು ತಂದು ಒಣಗಿಸಿ ತುಂಡು ಮಾಡುವುದೆಲ್ಲ ಬೇರೆ ಮರಗೆಲಸದಂತೆಯೇ.

ಚರಿತ್ರೆ ಕೇಳಿದರೆ ಊರಿನವರ ಬಾಯಲ್ಲಿ ಎರಡು ಹೆಸರು. ಪರ್ಷಿಯಾದ ಕುಶಲಿಗಳನ್ನು ಕರೆಸಿ ಇಲ್ಲಿನವರಿಗೆ ಕಲಿಸಿದ ಟಿಪ್ಪು ಸುಲ್ತಾನ್ ಒಬ್ಬ. ಜಪಾನಿನ ತಂತ್ರ ತಂದು ಕಸುಬಿಗೆ ಹೊಸ ಜೀವ ಕೊಟ್ಟರೆಂದು ನೆನೆಯುವ ಬಾವಸ್ ಮಿಯಾನ್ ಇನ್ನೊಬ್ಬರು. 2005-06ರ ಹೊತ್ತಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಬಂತು. ಕಾಗದದಲ್ಲಿ ಇದಕ್ಕಿಂತ ಹೆಚ್ಚೇ ಇರಬಹುದು. ನಾನು ಮಾತ್ರ ಅಧ್ಯಕ್ಷರ ಹಿಂದೆ ಬಿದ್ದಿದ್ದೆ.

ಏಕೆಂದರೆ ಅಮೆರಿಕದ ಅಧ್ಯಕ್ಷರಿಗೂ ಆಟಿಕೆಗೂ ನಂಟು ಹಳೆಯದು. 1902ರ ನವೆಂಬರ್‌ನಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮಿಸಿಸಿಪಿಯಲ್ಲಿ ಬೇಟೆಗೆ ಹೋದರು. ಬಹಳ ಹೊತ್ತು ಏನೂ ಸಿಗದಾಗ ಜೊತೆಗಾರರು ಕರಡಿಯೊಂದನ್ನು ಹಿಡಿದು ಮರಕ್ಕೆ ಕಟ್ಟಿ, ಹೊಡೆಯಿರಿ ಎಂದರು. ಕಟ್ಟಿಹಾಕಿದ ಪ್ರಾಣಿಗೆ ಗುಂಡಿಡುವುದು ಬೇಟೆಯಲ್ಲ ಎಂದು ಅವರು ನಿರಾಕರಿಸಿದರು. ಕ್ಲಿಫರ್ಡ್ ಬೆರಿಮನ್ ಅದನ್ನು ವ್ಯಂಗ್ಯಚಿತ್ರ ಮಾಡಿದರು. ಬ್ರೂಕ್ಲಿನ್‌ನ ಅಂಗಡಿಯ ಮಾರಿಸ್ ಮಿಚ್‌ಟಮ್ ಬಟ್ಟೆಯ ಕರಡಿ ಹೊಲಿಸಿ ‘ಟೆಡ್ಡಿ’ ಎಂಬ ರೂಸ್‌ವೆಲ್ಟರ ಅಡ್ಡಹೆಸರನ್ನೇ ಇಟ್ಟು ಮಾರಿದರು. (ಆ ಕರಡಿಗೆ ಮಾತ್ರ ಪ್ರಾಣ ಉಳಿಯಲಿಲ್ಲ, ಗಾಯಗೊಂಡಿದ್ದದ್ದನ್ನು ಚಾಕುವಿನಿಂದ ಮುಗಿಸಲಾಯಿತು. ಗೊಂಬೆಯ ಡಬ್ಬದ ಮೇಲೆ ಇದನ್ನು ಯಾರು ಬರೆಯುತ್ತಾರೆ?)

ಮುಂದಿನ ಅಧ್ಯಕ್ಷ ವಿಲಿಯಂ ಟಾಫ್ಟ್ ಭಾರೀ ಶರೀರದವರು. 1909ರಲ್ಲಿ ಅಟ್ಲಾಂಟಾದ ಔತಣದಲ್ಲಿ ಅವರಿಗೆ ಒಪೋಸಮ್ ಎಂಬ ಉದ್ದ ಬಾಲದ ಪ್ರಾಣಿಯನ್ನು ಬೇಯಿಸಿ ಬಡಿಸಿದ್ದರು. ಕರಡಿಯ ಕಾಲ ಮುಗಿಯಿತು ಎಂದು ಲೆಕ್ಕ ಹಾಕಿದ ವ್ಯಾಪಾರಿಗಳು ‘ಬಿಲ್ಲಿ ಪೋಸಮ್’ ಗೊಂಬೆ ತಂದರು. ವರ್ಷ ತುಂಬುವುದರೊಳಗೆ ಅದು ಮೂಲೆ ಸೇರಿತು. ಎಲ್ಲಾ ಅಧ್ಯಕ್ಷರೂ ಗೊಂಬೆಯಾಗಿ ಬಾಳುವುದಿಲ್ಲ.

ಇನ್ನು ಜಾರ್ಜ್ ವಾಷಿಂಗ್ಟನ್‌ಗೆ ಮರದ ಹಲ್ಲಿತ್ತು ಎಂದು ಅಮೆರಿಕದ ಮಕ್ಕಳು ಕಲಿತೇ ಬೆಳೆಯುತ್ತಾರೆ. ಸುಳ್ಳು. ದಂತ, ಲೋಹ, ಮನುಷ್ಯರ ಹಲ್ಲು, ಪ್ರಾಣಿಗಳ ಹಲ್ಲು, ಇವೆಲ್ಲ ಅವರ ಕೃತಕ ದವಡೆಗಳಲ್ಲಿದ್ದವು. ಮರ ಮಾತ್ರ ಇರಲಿಲ್ಲ. ಇದನ್ನೂ ಹಿರಿಯರಿಗೆ ಹೇಳಿದೆ. ಹಾಲೆಮರದಲ್ಲಿ ಮಾಡಿದ್ದರೆ ಹಗುರವಾಗಿರುತ್ತಿತ್ತು ಎಂಬುದು ಅವರ ಅಭಿಪ್ರಾಯ.

ಚನ್ನಪಟ್ಟಣಕ್ಕೂ ಶ್ವೇತಭವನಕ್ಕೂ ನೇರ ನಂಟೊಂದು ಇದ್ದೇ ಇದೆ. 2010ರ ನವೆಂಬರ್‌ನಲ್ಲಿ ಒಬಾಮ ಭಾರತಕ್ಕೆ ಬಂದಾಗ ಮಿಷೆಲ್ ಒಬಾಮ ದೆಹಲಿಯ ಕರಕುಶಲ ವಸ್ತು ಸಂಗ್ರಹಾಲಯಕ್ಕೆ ಹೋಗಿದ್ದರು. ಅಲ್ಲಿ ಅವರು ಚನ್ನಪಟ್ಟಣದ ಗೊಂಬೆಗಳನ್ನು ಮೆಚ್ಚಿ ಕೊಂಡರು ಎಂದು ಪತ್ರಿಕೆಗಳು ಬರೆದವು. ಅಂಗಡಿಗಳವರು ಈಗಲೂ ಆ ಹೆಸರನ್ನು ಎತ್ತದೆ ಬಿಡುವುದಿಲ್ಲ, ಬಿಡಲೂ ಬಾರದು. ಆದರೆ ಅವರ ನಿಜವಾದ ಗಿರಾಕಿ ಮೈಸೂರಿಗೆ ಹೊರಟ ಸಂಸಾರ. ಹಿಂದಿನ ಸೀಟಿನ ಮಗು ಬಣ್ಣ ಕಂಡು ಕೂಗುತ್ತಿತ್ತು, ಅಪ್ಪ ಬ್ರೇಕು ಹಾಕುತ್ತಿದ್ದ, ಮರದ ಕುದುರೆಯೊಂದು ಕಾರು ಹತ್ತುತ್ತಿತ್ತು. ಹಳೇ ರಸ್ತೆಯ ವ್ಯಾಪಾರ ನಿಂತಿದ್ದದ್ದು ಇಷ್ಟರ ಮೇಲೆ. ಆಮೇಲೆ ಆ ಕಾರಿನ ದಾರಿಯೇ ಬದಲಾಯಿತು.

ಹತ್ತು ಪಥದ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಎರಡು ಹೋಳಾಗಿ ಕಟ್ಟಿದರು: ಬೆಂಗಳೂರಿನಿಂದ ನಿಡಘಟ್ಟದವರೆಗೆ ಒಂದು, ನಿಡಘಟ್ಟದಿಂದ ಮೈಸೂರಿಗೆ ಇನ್ನೊಂದು. ರಾಮನಗರ, ಚನ್ನಪಟ್ಟಣಗಳನ್ನು ಬಿಟ್ಟು ಹೋಗುವ 22 ಕಿ.ಮೀ.ಯ ಬೈಪಾಸ್ ಮೊದಲ ಹೋಳಿನದು. 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಪ್ರಧಾನಿ ಹೆದ್ದಾರಿಯನ್ನು ಉದ್ಘಾಟಿಸಿದರು. ಪ್ರಯಾಣ ಸಲೀಸಾಯಿತು ನಿಜ. ಈಗ ಮಗುವಿಗೆ ಕಾಣುವುದು ತಡೆಗೋಡೆ ಮಾತ್ರ. ಹಳೇ ರಸ್ತೆಯ ಮಳಿಗೆಗಳಲ್ಲಿ ವ್ಯಾಪಾರ ಕುಸಿದ ದೂರು ಅಂದಿನಿಂದಲೂ ಇದೆ. ಅಗ್ಗದ ಪ್ಲಾಸ್ಟಿಕ್ ಆಟಿಕೆಯ ಪೈಪೋಟಿ ಅದಕ್ಕೂ ಮೊದಲಿನದು. ಕೆಲಸ ಕಲಿಯಲು ಕೂರುವ ಹುಡುಗರು ಕಡಿಮೆ.

ಮೇಯ್ನ್‌ನವರಿಗೆ ಜ್ಞಾಪಿಸಲು ಒಂದು ವಿಳಾಸವಿತ್ತು. ಇಲ್ಲಿನವರು ಯಾರಿಗೆ ಟ್ವೀಟ್ ಮಾಡಬೇಕು? ಹೆದ್ದಾರಿಯ ಬದಿಗೆ, ಕಣ್ಣಿಗೆ ಬೀಳುವಂತೆ, ಗೊಂಬೆ ಮಳಿಗೆಗಳಿಗೊಂದು ತಾಣ ಕೊಡುವುದು ಸರ್ಕಾರಕ್ಕೆ ಮಹಾ ಕೆಲಸವೇನಲ್ಲ. ಅದಾಗುವ ತನಕ ಮೈಸೂರಿನಿಂದ ಬರುವವರು ನಿಡಘಟ್ಟದ ಹತ್ತಿರ ಹೆದ್ದಾರಿ ಇಳಿದು ಹಳೇ ರಸ್ತೆ ಹಿಡಿಯಲಿ. ಮದ್ದೂರಿನಲ್ಲಿ ವಡೆಗೆ ನಿಂತಷ್ಟು ಹೊತ್ತು ಸಾಕು. ಅಂಗಡಿಗಳಲ್ಲಿ ಈಗ ನೂಕುನುಗ್ಗಲಿಲ್ಲ, ಬೇಕಾದಷ್ಟು ಹೊತ್ತು ನಿಂತು ಆರಿಸಬಹುದು.